ಕೆರೆಯಂಗಳದ ಬಾವಿ

ನಮ್ಮೂರ ಕೆರೆಯಲ್ಲಿ ದೊಡ್ಡ ಮೀನು ಎಲ್ಲಿರುತ್ತದೆಂದು ಹುಡುಕಿದವಳು ನಾನು. ಇದನ್ನು ಮೊದಲೇ ಬರೆದಿಡುತ್ತೇನೆ. ಬೇರೆ ಕಥೆ ಕೇಳಿ ಕೇಳಿ ಸಾಕಾಗಿದೆ.

ಮಹಾರಾಜರ ಕಾಲ. ಕಡೂರು ಕಡೆಯಿಂದ ಶಿವನಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಮೊದಲ ಬೇಸಿಗೆಯಲ್ಲೇ ಕೆರೆ ಬತ್ತಿತು. ಕೆರೆಯಂಗಳದ ನಡುವೆ ಒಂದು ಹಳೇ ಬಾವಿಯಿತ್ತು. ಮಳೆ ಬರುವ ತನಕ ಹೆಂಗಸರು ಅಲ್ಲಿಂದಲೇ ನೀರು ಹೊತ್ತೆವು. ಗಂಡಸರಾರೂ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆಮೇಲೆ ಕೆರೆ ತುಂಬಿ ಬಾವಿ ಮುಳುಗಿತು.

ಮರುವರ್ಷ ಬಿಸಿಲು ಏರುತ್ತಿದ್ದಂತೆ ನನ್ನ ಭಾವ, ಅಂದರೆ ಗಂಡನ ಅಣ್ಣ, ದಿನವೂ ಗಾಳ ಹಾಕಿ ಬೆರಳುದ್ದದ ಮೀನು ತರುತ್ತಿದ್ದರು. "ಈ ಕೆರೇಲಿ ದೊಡ್ಡವಿಲ್ಲ ಬಿಡು" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ನೀರು ಕಾದರೆ ದೊಡ್ಡ ಮೀನು ತಂಪು ಹುಡುಕಿ ಆಳಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಅತ್ತೆಯನ್ನು ಕೇಳಿ, ದಡದ ಬಂಡೆ ಹತ್ತಿ, ತೂಬಿನ ಕಲ್ಲಿಗೆ ನೇರವಾಗಿ, ಬಾವಿ ಇದ್ದಲ್ಲಿಗೇ ಗಾಳ ಎಸೆದೆ. ಮೊಳದುದ್ದದ ಗೆಂಡೆ ಬಿತ್ತು. ನಾಲ್ಕು ದಿನ ಹಾಗೆಯೇ ತಂದೆ.

ಐದನೆಯ ದಿನ ತರೀಕೆರೆಯಿಂದ ನೆಂಟರು ಬಂದರು. ನಾನು ಒಳಗೆ ಸಾರು ಕುದಿಸುತ್ತಿದ್ದೆ. ಹೊರಗೆ ಭಾವನ ದನಿ: "ಆ ಬಂಡೆ ಜಾಗ ಹುಡ್ಕಿದ್ದು ನಾನೇ ಕಣ್ರೀ. ಎಷ್ಟು ದಿನ ಕಾದಿದೀನಿ ಗೊತ್ತಾ!"

ನೆಂಟರು ಹೊರಟ ಮೇಲೆ ಅತ್ತೆಗೆ ಭಾವನ ಅಪ್ಪಣೆಯಾಯಿತು: "ಇನ್ಮೇಲೆ ಅವ್ಳು ಬಂಡೆ ಹತ್ತದು ಬ್ಯಾಡ ಕಣಮ್ಮಾ. ಮನೆ ಸೊಸೆ ಗಾಳ ಹಿಡ್ಕೊಂಡು ಕುಂತ್ರೆ ಜನ ಏನಂತಾರೆ?"

ಮೈಯೆಲ್ಲ ಉರಿಯಿತು. ನಾನು ತಂದ ಮೀನನ್ನು ಬೆರಳು ಚೀಪಿಕೊಂಡು ತಿನ್ನುವಾಗ ಜನರ ನೆನಪಾಗಲಿಲ್ಲವೇ? ನನ್ನ ಗಂಡನೋ, ನೆಲ ನೋಡುತ್ತಾ ನಿಂತಿದ್ದರು. ಅವರ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಬಂಡೆ ಭಾವನ ಪಾಲಾಯಿತು. ಬಂಡೆಯಲ್ಲೇ ಏನೋ ಮಹಿಮೆ ಇದೆಯೆಂದು ತಿಳಿದ ಪುಣ್ಯಾತ್ಮರು ಮನಸ್ಸಿಗೆ ಬಂದ ಕಡೆಗೆಲ್ಲ ಗಾಳ ಎಸೆದರು. ಎಂಟು ದಿನ ಬೆರಳುದ್ದದ್ದೇ ಬಿತ್ತು. ಭಾವನ ಜೊತೆ ನಾನು ನೇರ ಮಾತಾಡುವಂತಿರಲಿಲ್ಲ. ಎಲ್ಲಕ್ಕೂ ಅತ್ತೆಯೇ ನಡುವೆ. ಒಂಬತ್ತನೆಯ ದಿನ ಭಾವ ಜಗಲಿಯಿಂದ ಕೂಗಿದರು: "ಅವ್ಳನ್ನ ಕೇಳಮ್ಮಾ, ಗಾಳನ ಎತ್ಲಾಗೆ ಎಸೀತಿದ್ಲು ಅಂತ."

ನಾನು ಅತ್ತೆಗೆ ಹೇಳಿದೆ: "ಹುಡುಕ್ದೋರಿಗೇ ಗೊತ್ತಿರ್ಬೇಕಲ್ವಾ ಅತ್ತೆ?"

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಜಗಲಿಯ ಕಡೆ ತಿರುಗಿ, "ಅವ್ಳಿಗೆ ಗೊತ್ತಿಲ್ವಂತೆ ಕಣಪ್ಪಾ" ಎಂದರು.

ಅಲ್ಲಿಂದಾಚೆಗೆ ಮನೆಯವರೆಲ್ಲ ಮುಳ್ಳು ಆರಿಸಿಕೊಂಡು ಪುಟ್ಟ ಮೀನೇ ತಿಂದೆವು. ನಾನೂ ತಿಂದೆ, ಬೇಜಾರಿಲ್ಲ. ಆ ಬಾವಿಯಿಂದ ನನಗಿಂತ ಮೂವತ್ತು ವರ್ಷ ಮೊದಲಿನಿಂದ ನೀರು ಹೊತ್ತವರು ಅತ್ತೆ. ಸಾಯುವ ತನಕ ಅವರೂ ಮಗನಿಗೆ ಹೇಳಲಿಲ್ಲ.