ಮಿಂಗ್ ದೊರೆ ಸತ್ತ ದಿನ ಸೊಪ್ಪು ಹಾಕಿದವರು

ನಲ್ಲೂರಿನ ಸಪ್ಪಲಮ್ಮನ ಹುಳುಮನೆಯೊಳಗೆ ಕಾಲಿಡುವುದು ಅಷ್ಟು ಸಲೀಸಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕೈಕಾಲು ತೊಳೆಯಬೇಕು, ಬಾಯಲ್ಲಿ ಹೊಗೆಸೊಪ್ಪಿದ್ದರೆ ಉಗಿದು ಮುಕ್ಕಳಿಸಬೇಕು. ಹೆತ್ತ ಮಗ ಮನೋಹರನೇ ಒಮ್ಮೆ ಮೈಗೆ ಸೆಂಟು ಹೊಡೆದುಕೊಂಡು ಬಂದಾಗ, "ನನ್ನ ಹುಳ ಸಾಯ್ಸಕ್ಕೆ ಬಂದಿದ್ದೀಯೇನೋ? ನಡಿ ಆಚೆ!" ಎಂದು ಪೊರಕೆ ಹಿಡಿದು ಅಟ್ಟಿದವಳು. ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದ ಕೈ ಅದು. ವರ್ಷಕ್ಕೆ ಐದು ಬೆಳೆ, ಐದು ಸಲವೂ ಗೂಡು ದೇವನಹಳ್ಳಿ ಪಕ್ಕದ ವಿಜಯಪುರದ ಮಾರುಕಟ್ಟೆ ಮುಟ್ಟಲೇಬೇಕು.

ಇಷ್ಟು ಮಡಿಯ ಹೆಂಗಸು ಹನ್ನೆರಡು ವರ್ಷದ ಹಿಂದೆ, ಗಂಡ ಮುನಿವೆಂಕಟಪ್ಪನ ಹೆಣ ಅಂಗಳದಲ್ಲಿರುವಾಗಲೇ, ಸೂತಕದ ಮೈಯಲ್ಲಿ ಹುಳುಮನೆಗೆ ಹೋಗಿ ಸೊಪ್ಪು ಹಾಕಿಬಂದಳು. ಊರು ಬಿಡುತ್ತದೆಯೇ?

ಆವತ್ತು ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ಐದನೆಯ ದಿನ. ಪೊರೆ ಬಿಡುವಾಗಲೆಲ್ಲ ಹುಳು ಮೇವು ಬಿಟ್ಟು ಮಂಕಾಗಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಬಿಟ್ಟು ಎದ್ದ ಹುಳುವಿನ ಹಸಿವಂತೂ ಕೇಳಲೇಬೇಡಿ. ಬೆಳಗಿನಿಂದ ಮೇವಿಲ್ಲದೆ ಅವು ತಲೆ ಎತ್ತಿ ತಡಕಾಡುತ್ತಿರುತ್ತವೆ ಎಂದು ಸಪ್ಪಲಮ್ಮನಿಗೆ ಅಳುತ್ತ ಕುಳಿತಲ್ಲೇ ಗೊತ್ತಿತ್ತು. ಮಧ್ಯಾಹ್ನ ತಡೆಯಲಾರದೆ ಎದ್ದಳು. ಹುಳುಮನೆಯ ಬಾಗಿಲಲ್ಲಿ ಎರಡು ಹೊರೆ ಸೊಪ್ಪು ಬಿದ್ದಿತ್ತು. ಕೂಲಿಯ ಬೈರಪ್ಪ ಕೊಯ್ದು ತಂದಿರಬೇಕು ಎಂದುಕೊಂಡು, ಹುಳುಗಳ ಮೇಲೆ ಹಾಸಿ, ಕಣ್ಣೊರೆಸಿಕೊಂಡು ಬಂದು ಮತ್ತೆ ಗಂಡನ ತಲೆಯ ಬಳಿ ಕುಳಿತಳು. ಸೆರಗಿಗೆ ಹಿಪ್ಪುನೇರಳೆ ಎಲೆಯೊಂದು ಅಂಟಿಕೊಂಡು ಬಂದಿತ್ತು. ಅದನ್ನು ಕಂಡವಳು ನಾದಿನಿ ಮಾರಕ್ಕ, ಸತ್ತವನ ತಂಗಿ.

"ನಮ್ಮಣ್ಣನಿಗಿಂತ ಹುಳಾನೇ ಹೆಚ್ಚಾಯ್ತೇನೇ ನಿಂಗೆ? ಕಲ್ಲೆದೆಯೋಳೇ!"

ನೂರು ಜನರ ಮುಂದೆ ಅಂದ ಮಾತು. ಮಾರಕ್ಕನೂ ಗಂಡನಿಲ್ಲದವಳು, ತವರೂರಲ್ಲೇ ಪಕ್ಕದ ಮನೆಯಲ್ಲಿದ್ದಾಳೆ, ನಡುವೆ ಎದೆಯುದ್ದದ ಒಂದು ಗೋಡೆ. ಹನ್ನೆರಡು ವರ್ಷ ಆ ಗೋಡೆಯ ಮೇಲಿಂದ ಒಂದು ಮಾತು ದಾಟಲಿಲ್ಲ. ಜನರ ಮಾತು ಹಾಗಿರಲಿ, ತಾನು ಮಾಡಿದ್ದು ತಪ್ಪೋ ಸರಿಯೋ ಎಂಬುದೇ ಸಪ್ಪಲಮ್ಮನಿಗೆ ತೀರ್ಮಾನವಾಗಿರಲಿಲ್ಲ. ಪ್ರತಿ ವರ್ಷ ಗಂಡನಿಗೆ ಎಡೆ ಇಡುವಾಗ "ತೆಪ್ಪಾಗಿದ್ರೆ ಹೊಟ್ಟೆಗಾಕ್ಕೊಳ್ಳಪ್ಪ" ಎನ್ನುತ್ತಿದ್ದಳು. ಸತ್ತವನು ಉತ್ತರ ಹೇಳಿಯಾನೇ?

ಉತ್ತರ ಬಂದದ್ದು ಚೀನಾದಿಂದ. ನಗಬೇಡಿ, ಹೇಳುತ್ತೇನೆ.

ಮೊಮ್ಮಗಳು, ಮನೋಹರನ ಮಗಳು ಸಿಂಧು, ದೇವನಹಳ್ಳಿಯ ಕಾಲೇಜಿನಲ್ಲಿ ಬಿಎ ಓದುತ್ತಾಳೆ. ಚೀನಾದ ರಾಜವಂಶಗಳ ಪೇಪರು ಈ ಹುಡುಗಿಯನ್ನು ಒಂದು ಸಲ ಕೆಡವಿತ್ತು. ಹುಳುಮನೆಯ ಹೊರಜಗಲಿಯಲ್ಲಿ ಅಜ್ಜಿಯ ಜೊತೆ ಸೊಪ್ಪಿನ ಕಡ್ಡಿ ಸರಿಮಾಡುತ್ತ, "ಶಾಂಗ್, ಜೌ, ಚಿನ್, ಹಾನ್, ತಾಂಗ್, ಸಾಂಗ್, ಯುವಾನ್, ಮಿಂಗ್, ಚಿಂಗ್" ಎಂದು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದಳು. ಸಪ್ಪಲಮ್ಮ ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ರೇಷ್ಮೆ ಹುಟ್ಟಿದ್ದೇ ಆ ದೇಶದಲ್ಲಿ ಎಂದು ಸಿಂಧು ಬಾಯಿ ಬಿಟ್ಟಳೋ ಇಲ್ಲವೋ, ಅಜ್ಜಿಯ ಕತ್ತು ತಿರುಗಿತು.

"ಈ ಹಾನ್ ಅನ್ನೋರು ಎಷ್ಟು ವರ್ಷ ಆಳಿದ್ರೇ?"

"ನಾನೂರು ವರ್ಷ ಅಜ್ಜಿ."

"ವರ್ಷಕ್ಕೆ ಐದರಂಗೆ ಎರಡು ಸಾವ್ರ ಬೆಳೆ! ಅಬ್ಬಬ್ಬಾ!"

"ಅಲ್ಲಿ ಚಳಿ ದೇಶ ಅಜ್ಜಿ. ಬೇಸಿಗೆ ಮೊದಲಾಗೋವಾಗ ಒಂದು ದೊಡ್ಡ ಬೆಳೆ, ಹೆಚ್ಚಂದ್ರೆ ಇನ್ನೊಂದು."

"ಅಯ್ಯೋ ಪಾಪ, ಅಷ್ಟೇನಾ? ದೊರೆಗಳಾಗಿ ಏನು ಬಂತು ಬಿಡು."

ಅಂದಿನಿಂದ ಅಜ್ಜಿಗೆ ಚೀನಾದ ಹುಚ್ಚು ಹಿಡಿಯಿತು. ಪಟ್ಟದ ರಾಣಿಯೇ ವರ್ಷಕ್ಕೊಮ್ಮೆ ಹುಳುದೇವತೆಗೆ ಪೂಜೆ ಮಾಡಿ, ಚಿನ್ನದ ಕೊಕ್ಕೆಯಿಂದ ಹಿಪ್ಪುನೇರಳೆ ಕೊಂಬೆ ಎಳೆದು ಸೊಪ್ಪು ಬಿಡಿಸುತ್ತಿದ್ದಳು ಎಂದು ಕೇಳಿದಾಗ, ತನ್ನ ಕಪ್ಪಿಟ್ಟ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹುಳು ಮೇಯಿಸುವ ತಿಂಗಳು ಆ ಹಳ್ಳಿಗಳಲ್ಲಿ ಬಾಗಿಲು ಹಾಕಿಕೊಂಡು ನೆಂಟರಿಷ್ಟರನ್ನೂ ಒಳಗೆ ಬಿಡುತ್ತಿರಲಿಲ್ಲ, ಕಂದಾಯದವರೂ ಆ ಕಡೆ ಸುಳಿಯುತ್ತಿರಲಿಲ್ಲ ಎಂದಾಗಲಂತೂ ತೊಡೆ ತಟ್ಟಿ, "ನೋಡ್ದಾ? ನಿಮ್ಮಪ್ಪಂಗೆ ಹೇಳು, ನಾನೊಬ್ಬಳೇ ಹುಚ್ಚಿ ಅಲ್ಲ ಅಂತ!" ಎಂದು ಕೂಗಿದಳು. ಎಷ್ಟೋ ಸಾವಿರ ಮೈಲಿ ಆಚೆ, ಎಷ್ಟೋ ನೂರು ವರ್ಷ ಹಿಂದೆ, ತನ್ನಂಥದೇ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಮಗನನ್ನು ಗದರಿಸುತ್ತಿದ್ದಳಲ್ಲ! ಸಪ್ಪಲಮ್ಮನಿಗೆ ಮೈ ಜುಮ್ಮೆಂದಿತು.

ಪರೀಕ್ಷೆಗೆ ನಾಲ್ಕು ದಿನ ಇತ್ತು. ಹುಳು ನಾಲ್ಕನೇ ಜ್ವರ ಬಿಟ್ಟು ಎದ್ದಿತ್ತು. ಸಿಂಧು ಮಿಂಗ್ ವಂಶದ ಕೊನೆಯನ್ನು ಓದುತ್ತಿದ್ದಳು. ದಂಗೆಯ ದಂಡು ರಾಜಧಾನಿಗೆ ನುಗ್ಗಿತು, ದೊರೆ ಅರಮನೆ ಹಿಂದಿನ ಗುಡ್ಡ ಹತ್ತಿ ಮರಕ್ಕೆ ನೇಣು ಹಾಕಿಕೊಂಡ, ಇಸವಿ ಸಾವಿರದ ಆರುನೂರ ನಲವತ್ತನಾಲ್ಕು, ಏಪ್ರಿಲ್ ತಿಂಗಳು.

ಸಪ್ಪಲಮ್ಮನ ಕೈ ನಿಂತಿತು. "ಏಪ್ರಿಲ್ ಅಂದ್ರೆ ಅಲ್ಲಿ ಹುಳ ಮೇಯ್ಸೋ ಕಾಲ ಅಲ್ವೇನೇ?"

"ಹೂಂ ಅಜ್ಜಿ."

"ಹಂಗಾರೆ ದೊರೆ ಸತ್ತ ದಿನ ಹುಳಕ್ಕೆ ಸೊಪ್ಪು ಯಾರು ಹಾಕಿದ್ರು?"

ಸಿಂಧು ಪುಸ್ತಕ ತಿರುವಿದಳು. ಅದು ಯಾವ ಪುಸ್ತಕದಲ್ಲಿರುತ್ತದೆ? ಆದರೆ ಹುಡುಗಿ ಚುರುಕು, ಯೋಚಿಸಿ ಹೇಳಿದಳು: "ಯಾರೋ ಹಾಕಿರಲೇಬೇಕಜ್ಜಿ. ಈ ಹುಳ ಕಾಡಲ್ಲಿ ಬದುಕಲ್ಲ. ಇದರ ಚಿಟ್ಟೆಗೆ ಹಾರೋಕೂ ಬರಲ್ಲ. ಮನುಷ್ಯರು ಕೈ ಬಿಟ್ರೆ ಅಲ್ಲಿಗೆ ಅದರ ಕತೆ ಮುಗೀತು. ಐದು ಸಾವಿರ ವರ್ಷದಲ್ಲಿ ಎಲ್ಲರೂ ಒಂದೇ ಸಲ ಕೈ ಬಿಟ್ಟಿದ್ರೆ, ಇವತ್ತು ನಿನ್ನ ಹುಳ ಇರ್ತಾನೇ ಇರ್ಲಿಲ್ಲ."

ಸಪ್ಪಲಮ್ಮ ಹುಳುಮನೆಯ ಜಾಲರಿ ಬಾಗಿಲಿಂದ ಒಳಗೆ ನೋಡಿದಳು. ಅಟ್ಟಣಿಗೆಯ ತುಂಬ ಹುಳುಗಳು ಮೇಯುತ್ತಿದ್ದವು. ಅಯ್ಯೋ ದೇವರೇ, ಐದು ಸಾವಿರ ವರ್ಷ! ಹಾನ್ ಬಿದ್ದ ದಿನ, ತಾಂಗ್ ಬಿದ್ದ ದಿನ, ಯಾವುದೋ ಮನೆಯಲ್ಲಿ ಯಾರೋ ಸತ್ತ ದಿನ, ಯಾರೋ ಒಬ್ಬಳು ಎದ್ದು ಹೋಗಿ ಸೊಪ್ಪು ಹಾಕಿಬಂದಿದ್ದಾಳೆ. ಅವರ ಹೆಸರು ಯಾರೂ ಬರೆದಿಡಲಿಲ್ಲ. ಅವರು ಹಾಕಿದ್ದಕ್ಕೇ ಈ ಹುಳು ನಲ್ಲೂರಿನವರೆಗೆ, ತನ್ನ ಕೈಯವರೆಗೆ ಬಂದು ಮುಟ್ಟಿದೆ. ಅವಳ ಕಣ್ಣಿನಿಂದ ನೀರು ತಾನಾಗಿ ಇಳಿಯಿತು.

"ಸಿಂಧು, ಅದನ್ನ ಇನ್ನೊಂದು ಸಲ ಓದೇ. ದೊಡ್ಡದಾಗಿ ಓದು."

"ಕೇಳಿಸ್ಲಿಲ್ವಾ ಅಜ್ಜಿ?"

"ನಂಗೆ ಕೇಳಿಸ್ತು," ಎಂದು ಅಜ್ಜಿ ಗೋಡೆಯ ಕಡೆ ಗಲ್ಲ ತೋರಿಸಿದಳು. ಆಚೆ ಅಂಗಳದಲ್ಲಿ ಮಾರಕ್ಕ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು.

ಸಿಂಧು ಪಾಠ ಒಪ್ಪಿಸುವವಳಂತೆ ಗಂಟಲೆತ್ತಿ ಓದಿದಳು. ದೊರೆಯ ಸಾವು, ಏಪ್ರಿಲ್ ತಿಂಗಳು, ಅಜ್ಜಿ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ, ಒಂದನ್ನೂ ಬಿಡಲಿಲ್ಲ. ಓದು ಮುಗಿಯುವ ಮೊದಲೇ ಆಚೆ ಕಾಯಿ ಸುಲಿಯುವ ಸದ್ದು ನಿಂತಿತ್ತು. ಗೋಡೆಯ ಮೇಲೆ ಮಾರಕ್ಕನ ನರೆತ ತಲೆ ಕಾಣಿಸಿತು.

"ಅತ್ಗೆ," ಎಂದಳು. ಹನ್ನೆರಡು ವರ್ಷದ ಮೇಲೆ ಆಡಿದ ಮೊದಲ ಮಾತು. "ಆವತ್ತು ಬಾಗ್ಲಲ್ಲಿ ಎರಡು ಹೊರೆ ಸೊಪ್ಪಿತ್ತಲ್ಲ, ಯಾರು ತಂದಿಟ್ಟಿದ್ರು ಅಂದ್ಕೊಂಡೆ?"

"ಬೈರಪ್ಪ ಅಲ್ವಾ?"

"ಬೈರಪ್ಪ ಗುಂಡಿ ತೋಡಕ್ಕೆ ಹೋಗಿದ್ದ. ಕೊಯ್ದು ತಂದೋಳು ನಾನು." ಮಾರಕ್ಕ ಎರಡೂ ಕೈ ಗೋಡೆಗೆ ಊರಿದಳು. "ನಾನು ಹುಳದ ಜೊತೇಲೇ ಹುಟ್ಟಿ ಬೆಳೆದ ಮನೆ ಅಲ್ವಾ ಅದು. ಅವು ಉಪವಾಸ ಇದ್ದಿದ್ದು ತಡ್ಕೊಳ್ಳಕ್ಕೆ ಆಗ್ಲಿಲ್ಲ. ಅಣ್ಣ ಸತ್ತು ಬಿದ್ದಿದ್ದಾನೆ, ನಾನು ತೋಟದಲ್ಲಿ ಕುಡುಗೋಲು ಹಿಡ್ಕೊಂಡಿದ್ದೀನಿ! ನನ್ನ ಬಗ್ಗೆ ನಂಗೇ ಹೇಸಿಗೆ ಆಯ್ತು ಕಣತ್ಗೆ. ನಿನ್ನ ಸೆರಗಲ್ಲಿ ಆ ಎಲೆ ಕಂಡ್ ತಕ್ಷಣ, ನನಗೆ ಬೈಕೋಬೇಕಾದ್ದನ್ನೆಲ್ಲ ನಿಂಗೆ ಬೈದ್ಬಿಟ್ಟೆ."

ಸಪ್ಪಲಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಹನ್ನೆರಡು ವರ್ಷ ಒಬ್ಬಳೇ ಹೊತ್ತಿದ್ದು ಇಬ್ಬರದೂ ಆಗಿತ್ತು. ಕೂತಲ್ಲಿಂದಲೇ, ಅಳುತ್ತಲೇ, ಎಂದಿನ ಜೋರಿನಲ್ಲಿ ಹೇಳಿದಳು:

"ಅಲ್ಲಿ ನಿಂತ್ಕೊಂಡು ಏನ್ ನೋಡ್ತೀಯ? ಕೈಕಾಲು ತೊಳ್ಕೊಂಡು ಬಾ. ಸೊಪ್ಪು ಹಾಕೋ ಹೊತ್ತಾಯ್ತು."