ಕಾಫಿ ಮುಟ್ಟದೆ ಕುಳಿತ ಶುಕ್ರವಾರ

ಒಂದು ಕುರಿ, ಎರಡು ಶುಕ್ರವಾರ, ನನ್ನ ಪಿಕಪ್ಪಿನ ಒಂದು ಟಯರು. ಆ ಸಂಸಾರವನ್ನು ಬಿಡಿಸಿಕೊಂಡು ಬರಲು ನಮಗೆ ತಗಲಿದ ಖರ್ಚು ಇಷ್ಟೇ. ಇದರಲ್ಲಿ ಕುರಿ ಶುದ್ಧ ದಂಡ. ಯಾಕೆ ದಂಡವೆಂದು ಹೇಳಿದರೆ ನಿಮಗಾದರೂ ಉಳಿತಾಯವಾದೀತು.

ಎಂಬತ್ತರ ದಶಕದ ಮಾತು. ಸೌದಿಯ ಖಮೀಸ್ ಮುಶೈತಿನಲ್ಲಿ ನನ್ನದು ಪಾತ್ರೆ ಅಂಗಡಿ, ಪಕ್ಕದ್ದು ಎರಿಟ್ರಿಯಾದ ದರ್ಜಿಯದು. ಯುದ್ಧಕ್ಕೆ ಹೆದರಿ ಹೆಂಡತಿ ಮಕ್ಕಳೊಂದಿಗೆ ಕೆಂಪು ಸಮುದ್ರ ದಾಟಿ ಬಂದವನು. ಅವನ ಕಫೀಲ್, ಅಂದರೆ ಜಾಮೀನು ನಿಂತಿದ್ದ ಸೌದಿ, ತೀರಿಕೊಂಡ. ಅವನೊಂದಿಗೆ ದರ್ಜಿಯ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿ, ಹೋಯಿತು. ಪೊಲೀಸರು ಇಡೀ ಸಂಸಾರವನ್ನು ಗಡೀಪಾರಿನವರನ್ನು ಕೂಡಿಹಾಕುವ ಕಟ್ಟಡಕ್ಕೆ ಒಯ್ದರು. ಮುಂದಿನ ಹಡಗು ಹತ್ತಿಸಿದರೆ ಅವರು ಇಳಿಯುವುದು ಅದೇ ಯುದ್ಧದ ಬಾಯಲ್ಲಿ. ಸತ್ತವನ ಅಣ್ಣ ಅವರನ್ನು ತನ್ನ ಹೆಸರಿಗೆ ಬರೆಸಿಕೊಂಡರೆ ಮಾತ್ರ ಬಿಡುಗಡೆ.

ಅಲ್ಲಿ ಬೋರ್ಡು ಹಿಡಿದು ಬೀದಿಗಿಳಿಯುವ ಹಾಗಿಲ್ಲ. ಇಳಿದರೆ ದರ್ಜಿಯ ಪಕ್ಕದಲ್ಲೇ ನಮಗೂ ಚಾಪೆ. ಹಾಗಾಗಿ ಬ್ಯಾರಿಗಳು, ತುಳುವರು, ಕೊಂಕಣಿಗರು ಎನ್ನದೆ ಕರಾವಳಿಯವರೆಲ್ಲ ಸೇರಿ ಶುಕ್ರವಾರ ಬೆಟ್ಟದ ಮೇಲಿನ ಅಣ್ಣನ ಮನೆಗೆ ಹೊರಟೆವು. ಬರಿಗೈಯಲ್ಲಿ ಹೋಗುವುದು ಹೇಗೆಂದು ಚೌಕಾಸಿ ಮಾಡಿ ಒಂದು ಕುರಿ ಕೊಂಡೆ. ಟಯರು ದಾರಿಯಲ್ಲಿ ಹೋಯಿತು.

ಮುದುಕ ಅದೇ ಕುರಿಯನ್ನು ಕಡಿಸಿ ನಮಗೇ ಬಡಿಸಿದ. ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ತಿಂದೆವು, ಬಗ್ಗಿಸಿದಷ್ಟೂ ಕಾಫಿ ಕುಡಿದೆವು. ಕೈ ತೊಳೆದ ಮೇಲೆ ನಾನು ವಿಷಯ ತೆಗೆದೆ.

"ಇನ್‌ಶಾ ಅಲ್ಲಾ, ನೋಡೋಣ" ಎಂದು ಬಾಗಿಲ ತನಕ ಬಂದು ಕಳುಹಿಸಿಕೊಟ್ಟ.

"ಎಂತ ಮಾರಾಯ, ನಮ್ಮದೇ ಕುರಿ ತಿನ್ಲಿಕ್ಕೆ ಇಷ್ಟು ದೂರ ಬಂದದ್ದಾ? ರೂಮಲ್ಲೇ ಬೇಯಿಸಿದ್ರೆ ಖಾರ ಆದ್ರೂ ಸರಿ ಇರ್ತಿತ್ತು" ಎಂದ ನಮ್ಮೊಡನಿದ್ದ ಎಲೆಕ್ಟ್ರಿಷಿಯನ್.

ಮರುದಿನ ನಮ್ಮ ಬೀದಿಯ ರೊಟ್ಟಿಯಂಗಡಿಯ ಯೆಮೆನಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ಹೊಟ್ಟೆ ತುಂಬಿದ ಅತಿಥಿಗೆ ಅವನು ಇನ್ನೇನು ಕೊಡಬೇಕು? ಕೇಳುವುದಿದ್ದರೆ ಮೊದಲ ಕಾಫಿಯನ್ನೇ ಮುಟ್ಟದೆ ಕೆಳಗಿಡಬೇಕು. ಅತಿಥಿಯ ಕಾಫಿ ಆರಿಹೋದರೆ ಮನೆಯವನಿಗೆ ಅವಮಾನ."

ಮುಂದಿನ ಶುಕ್ರವಾರ ಕುರಿಯಿಲ್ಲದೆ ಹೋದೆವು. ಕಾಫಿ ಬಂತು. ಎಲ್ಲರೂ ಬಟ್ಟಲು ಕೆಳಗಿಟ್ಟು ಕುಳಿತೆವು. ಎಲೆಕ್ಟ್ರಿಷಿಯನ್‌ನ ಕೈ ಮೆಲ್ಲಗೆ ತಟ್ಟೆಯತ್ತ ಹೋಯಿತು. ಮೊಣಕೈಯಿಂದ ತಿವಿದೆ.

"ಒಂದು ಖರ್ಜೂರಕ್ಕೆ ಎಂತ ಆಗ್ತದೆ?" ಎಂದು ಪಿಸುಗುಟ್ಟಿದ.

"ದರ್ಜಿಯ ಮಕ್ಕಳು ಹಡಗು ಹತ್ತುತ್ತಾರೆ. ಸುಮ್ಮನೆ ಕೂರು."

ಮುದುಕ ಬಟ್ಟಲುಗಳನ್ನು ನೋಡಿದ, ನಮ್ಮನ್ನು ನೋಡಿದ. ಗಡ್ಡದೊಳಗೇ ನಕ್ಕ. "ಇದನ್ನು ನಿಮಗೆ ಕಲಿಸಿದವನು ಯಾರು?"

"ಹೇಳಿದರೆ ನಮಗೆ ರೊಟ್ಟಿ ಸಿಗುವುದಿಲ್ಲ" ಎಂದೆ. ತೀರಿಕೊಂಡ ತಮ್ಮನ ದರ್ಜಿಯನ್ನು ಮುದುಕ ತನ್ನ ಹೆಸರಿಗೆ ಬರೆಸಿಕೊಳ್ಳಬೇಕೆಂದು ಕೇಳಿದೆ. ಬೇರೇನೂ ಸೇರಿಸಲಿಲ್ಲ.

"ಕುಡಿಯಿರಿ. ನಿಮ್ಮ ಕೆಲಸ ಆಯಿತು. ಇವತ್ತು ಕಚೇರಿ ಇಲ್ಲ, ನಾಳೆ ಬರುತ್ತೇನೆ."

"ಯಾಕೆ ನಾಳೆ? ಇವತ್ತು ನಮ್ಮಲ್ಲೇ ಮಲಗಿ, ಬೆಳಿಗ್ಗೆ ಒಟ್ಟಿಗೆ ಹೋಗುವ" ಎಂದು ಅವನನ್ನು ಪಿಕಪ್ಪಿಗೆ ಹತ್ತಿಸಿಕೊಂಡೆ.

ಶನಿವಾರ ಮಧ್ಯಾಹ್ನ ದರ್ಜಿ, ಅವನ ಹೆಂಡತಿ, ಮಕ್ಕಳು ಹೊರಗೆ ಬಂದರು. ಹೆಂಡತಿ ಅಳುತ್ತ ನಗುತ್ತಿದ್ದಳು. ದರ್ಜಿ ಎಲ್ಲರನ್ನೂ ತಬ್ಬಿಕೊಂಡು, ಎಲೆಕ್ಟ್ರಿಷಿಯನ್‌ನ ಹೊಸ ಪ್ಯಾಂಟು ನೋಡಿ, "ಇದನ್ನು ಯಾರು ಹೊಲಿದು ಹಾಳು ಮಾಡಿದ್ದು?" ಎಂದ.

ನೀವೂ ಯಾರ ಪರವಾಗಿಯಾದರೂ ಕೇಳಲು ಹೋಗುವಿರಾದರೆ ಇಷ್ಟು ಮಾಡಿ: ಗುಂಪಾಗಿ ಹೋಗಿ, ಒಬ್ಬರೇ ಮಾತಾಡಿ, ಒಂದೇ ಸಂಗತಿ ಕೇಳಿ. ಆಗಲಿ ಎಂದವನನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಡಿ. ರಾತ್ರಿಯಿಡೀ ಯೋಚಿಸಲು ಬಿಟ್ಟರೆ ಯಾರ ಮನಸ್ಸಾದರೂ ಬದಲಾಗುತ್ತದೆ. ಗಾಡಿಯಲ್ಲಿ ಕೂರಿಸಿಕೊಂಡೇ ಬನ್ನಿ. ಮುಂದಿನ ಸೀಟು ಅವನಿಗೆ ಕೊಡಿ, ನೀವು ಹಿಂದೆ ಕುಲುಕಾಡಿಕೊಂಡು ಬಂದರಾಯಿತು.