ಹಾಲಮ್ಮನಿಗಾಗಿ ನಾನು ಬರೆದ ಎರಡು ಪತ್ರಗಳು

ಮೊನ್ನೆ ಕಾನಹೊಸಹಳ್ಳಿಯಿಂದ ಕೂಡ್ಲಿಗಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಂದು ಕಂಬಳಿ ಬಂದು ಕೂತಿತು. ಕಂಬಳಿಯೊಳಗೆ ಒಬ್ಬ ಹಿರಿಯರೂ ಇದ್ದರೆನ್ನಿ, ಆದರೆ ನನಗೆ ಮೊದಲು ಗೊತ್ತಾದದ್ದು ಕಂಬಳಿಯೇ. ಹೊರಗೆ ಜಿಟಿಜಿಟಿ ಹನಿಯುತ್ತಿತ್ತು. ಒದ್ದೆ ಉಣ್ಣೆಯ ವಾಸನೆಯಲ್ಲಿ ಕುರಿಯೂ ಇರುತ್ತದೆ, ಒಲೆಯ ಹೊಗೆಯೂ ಇರುತ್ತದೆ, ಯಾವುದೋ ಹೊಲದ ಹುಲ್ಲೂ ಇರುತ್ತದೆ. ಹಿಂದೆ ಆಗಿದ್ದರೆ ನನ್ನ ಸೆರಗು ತಾನಾಗಿಯೇ ಮೂಗಿಗೆ ಹೋಗುತ್ತಿತ್ತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ, ಟಾಲ್ಕಂ ಪೌಡರ್ ಮತ್ತು ಇಸ್ತ್ರಿ ಮಾಡಿದ ಪಿನಾಫೋರ್ ನಡುವೆ ತಯಾರಾದ ಮೂಗು ಇದು. ಮೊನ್ನೆ ಮಾತ್ರ ಸೆರಗು ಅಲ್ಲೇ ಉಳಿಯಿತು. ಹಾಲಮ್ಮ ನೆನಪಾದಳು.

ಹಾಲಮ್ಮನನ್ನು ನಿಮಗೆ ಪರಿಚಯಿಸಬೇಕು. ಕೂಡ್ಲಿಗಿಯ ಜೂನಿಯರ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದ ಕೊನೆಯ ವರ್ಷಗಳಲ್ಲಿ ಬಂದವಳು. ಕಾನಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆ. ಅಪ್ಪ ಮೈಲಾರಪ್ಪ ವರ್ಷದ ಅರ್ಧ ಹಿಂಡಿನ ಹಿಂದೆ ಹಡಗಲಿಯ ಹೊಳೆಸಾಲಿನ ತನಕ ನಡೆಯುವ ಮನುಷ್ಯ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಚೀಲದ ಬದಲು ರಸಗೊಬ್ಬರದ ಸಂಚಿಯಲ್ಲಿ ಪುಸ್ತಕ, ಮೂರನೇ ಬೆಂಚು. ನನ್ನನ್ನು ‘ಮೇಡಂ’ ಅನ್ನಬಾರದು, ‘ಮಿಸ್’ ಅನ್ನಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಐವತ್ತೆಂಟು ವರ್ಷದ, ಎರಡು ಮಕ್ಕಳ ತಾಯಿ ಯಾವ ಲೆಕ್ಕದಲ್ಲಿ ಮಿಸ್ ಆದಾಳು ಅಂತ ಯಾರೂ ಕೇಳಲಿಲ್ಲ. ಕಾನ್ವೆಂಟಿನಲ್ಲಿ ಹಾಗಿತ್ತು, ಆದ್ದರಿಂದ ಕೂಡ್ಲಿಗಿಯಲ್ಲೂ ಹಾಗೇ.

ಈ ಹುಡುಗಿ ಪಶುವೈದ್ಯಕೀಯ ಓದಿದಳು. ಮುಗಿದ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದು, ಜಗುಲಿಯ ಅಂಚಿನಲ್ಲಿ ಅರ್ಧ ಕೂತು ಹೇಳಿದಳು. “ಮಿಸ್, ಅಮೆರಿಕಾದಾಗ ಕುರಿ ಮ್ಯಾಲ ರಿಸರ್ಚ್ ಮಾಡಾಕ ಅಪ್ಲೈ ಮಾಡಾಕ ಹತ್ತೀನ್ರಿ. ಮೂರು ಮಂದಿ ಲೆಟರ್ ಬರೀಬೇಕಂತ. ಇಬ್ರು ನಮ್ಮ ಪ್ರೊಫೆಸರ್ರು. ಇನ್ನೊಬ್ರು ನೀವಾಗ್ರಿ.”

ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಎರಡು ದಿನ ಕೂತು ಬರೆದೆ. ಸಿಸ್ಟರುಗಳು ನನಗೆ ಕೊಟ್ಟ ಕಾಂಡಕ್ಟ್ ಸರ್ಟಿಫಿಕೇಟ್ ಪೆಟ್ಟಿಗೆಯಿಂದ ತೆಗೆದು ಮುಂದಿಟ್ಟುಕೊಂಡೆ. ಒಬೀಡಿಯಂಟ್, ಹಂಬಲ್, ಸಾಫ್ಟ್-ಸ್ಪೋಕನ್, ಗಾಡ್-ಫಿಯರಿಂಗ್. ಹಿರಿಯರ ಮಾತಿಗೆ ಒಮ್ಮೆಯೂ ಎದುರಾಡಿದವಳಲ್ಲ ಅಂತಲೂ ಸೇರಿಸಿದೆ. ಇಂಟರ್ನೆಟ್ ಅಂಗಡಿಯಲ್ಲಿ ಕಳಿಸುವ ಮೊದಲು ಅವಳಿಗೆ ಗಟ್ಟಿಯಾಗಿ ಓದಿ ತೋರಿಸಿದೆ. ತಲೆ ತಗ್ಗಿಸಿ ಕೇಳಿದಳು.

“ಹೆಂಗೈತಿ?” ಅಂದೆ.

“ಇಂಗ್ಲಿಷ್ ಬಾಳ ಚಂದ ಐತ್ರಿ ಮಿಸ್.”

ಅದರಾಚೆಗೆ ಅವಳು ಏನೂ ಹೇಳಲಿಲ್ಲ ಅನ್ನುವುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಎಲ್ಲ ಕಡೆಯಿಂದಲೂ ‘ವಿ ರಿಗ್ರೆಟ್’ ಬಂತು. ಮೈಲಾರಪ್ಪ ಮಗಳ ಮೇಲೆ ರೇಗಲಿಲ್ಲ. ನನ್ನ ಮನೆಯ ಮುಂದೆ ನಿಂತು, ರುಮಾಲು ತೆಗೆದು ಕೊಡವಿ ಹೇಳಿದ್ದು ಇಷ್ಟೇ. “ಹಡಗಲಿಯವ್ರು ಎಲ್ಡು ಸಲ ಕೇಳಿ ಕಳಿಸ್ಯಾರ್ರಿ ಮೇಡಮ್ಮಾರ. ಹುಡುಗ ಛಲೋ ಅದಾನ. ಇನ್ನೊಂದ್ ವರ್ಷ ತಡೀತೀನಿ. ಆಮ್ಯಾಲ ನನ್ನ ಕೈಲಿ ಆಗಂಗಿಲ್ಲ.” ಅವನದೇನು ತಪ್ಪು? ಇನ್ನೊಂದು ವರ್ಷ ಅನ್ನುವುದೇ ಆ ಮನೆಯಲ್ಲಿ ಯಾವ ಹುಡುಗಿಗೂ ಸಿಗದಿದ್ದ ಕಾಲಾವಕಾಶ.

ಹಾಲಮ್ಮ ಸುಮ್ಮನೆ ಕೂರಲಿಲ್ಲ. ಅಲ್ಲಿನ ಒಬ್ಬ ಪ್ರೊಫೆಸರ್ ಹೆಂಗಸಿಗೆ ನೇರವಾಗಿ ಈಮೇಲ್ ಬರೆದು, ನನ್ನಲ್ಲಿ ಏನು ಕಮ್ಮಿಯಾಯಿತು ಅಂತ ಕೇಳಿದಳು. ನಮ್ಮ ಕಾಲದಲ್ಲಿ ಹಾಗೆ ಕೇಳುವುದೇ ಒಂದು ಅಪರಾಧ. ಆಕೆ ಉತ್ತರ ಬರೆದರು ನೋಡಿ, ನನಗೆ ಅದು ಇನ್ನೂ ಆಶ್ಚರ್ಯ. ಆ ಉತ್ತರದ ಪ್ರಿಂಟ್ ಹಿಡಿದು ಹಾಲಮ್ಮ ಮತ್ತೆ ಅದೇ ಜಗುಲಿಗೆ ಬಂದಳು.

“ಬ್ಯಾಸರ ಮಾಡ್ಕೊಬ್ಯಾಡ್ರಿ ಮಿಸ್,” ಅನ್ನುತ್ತಲೇ ಕೊಟ್ಟಳು.

ಮೂರೂ ಪತ್ರಗಳಿಂದ ನೀನು ಒಳ್ಳೆಯ ಹುಡುಗಿ ಅನ್ನುವುದು ತಿಳಿಯಿತು, ಆದರೆ ನೀನು ಸ್ವಂತವಾಗಿ ಏನು ಯೋಚಿಸುತ್ತೀ ಅನ್ನುವುದು ಒಂದರಿಂದಲೂ ತಿಳಿಯಲಿಲ್ಲ ಅಂತ ಅದರಲ್ಲಿತ್ತು. ಒಬೀಡಿಯನ್ಸ್ ಒಂದು ಕೊರತೆ ಆಗುವ ದೇಶವೂ ಇದೆಯೇ?

“ಹಂಗಾದ್ರ ಏನು ಬರೀಲಿ? ಈ ಹುಡುಗಿ ಜಗಳಗಂಟಿ ಅಂತ ಬರೀಲಾ?” ಅಂದೆ.

“ಬರೀರಿ,” ಅಂದಳು. ನಗಲಿಲ್ಲ. “ಅವತ್ತು ಕುರಿ ಮಾತಿಗೆ ನನ್ನ ಕ್ಲಾಸಿನಿಂದ ಹೊರಗ ನಿಲ್ಲಿಸಿದ್ರಲ್ಲ ಮಿಸ್, ಅದನ್ನ ಬರೀರಿ.”

ನಾನು ಮರೆತಿದ್ದೆ ಅಂದರೆ ನೀವು ನಂಬಬೇಡಿ. ಮರೆತಿರಲಿಲ್ಲ, ಬರೆಯದೆ ಬಿಟ್ಟಿದ್ದೆ. ಅವತ್ತು ಪಾಠದಲ್ಲಿ ಯಾರೋ ಕುರಿಗಳ ಹಾಗೆ ಹಿಂದೆ ಹೋದರು ಅಂತ ಬಂದಿತ್ತು. ನಾನು ವಿವರಿಸುವ ಹುರುಪಿನಲ್ಲಿ, ಪ್ರಾಣಿಗಳಲ್ಲೆಲ್ಲ ದಡ್ಡ ಪ್ರಾಣಿ ಕುರಿ, ಬುದ್ಧಿಯೇ ಇಲ್ಲ ಅಂದೆ. ಮೂರನೇ ಬೆಂಚಿನಿಂದ ಎರಡು ಜಡೆ ಎದ್ದು ನಿಂತವು.

“ಕುರಿ ದಡ್ಡ ಅಲ್ರಿ ಮಿಸ್. ನೆರಳಿಲ್ಲದ ಹೊಲದಾಗ ಮಧ್ಯಾಹ್ನ ನೋಡ್ರಿ. ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಇಟ್ಟು ನಿಂದಿರ್ತಾವ. ತಲಿ ತಂಪಿರ್ಲಿ ಅಂತ. ಯಾರೂ ಹೇಳಿಕೊಟ್ಟಿಲ್ಲ ಅವಕ್ಕ. ನಮ್ಮ ಊರಾಗ ಮನಶ್ಯಾರು ಬಿಸ್ಲಾಗ ಹಂಗ ನೆರಳು ಕೊಟ್ಟಿದ್ದು ನಾ ನೋಡಿಲ್ಲ.”

ಇಡೀ ಕ್ಲಾಸು ನಕ್ಕಿತು. ನಗು ನನ್ನ ಮೇಲೆ ಅನ್ನಿಸಿತು. “ಸ್ಟ್ಯಾಂಡ್ ಔಟ್‌ಸೈಡ್,” ಅಂದೆ. ಪೀರಿಯಡ್ ಮುಗಿಯುವ ತನಕ ಬಾಗಿಲಾಚೆ ಬಿಸಿಲಲ್ಲಿ ನಿಂತಳು. ನಮ್ಮ ಕಾನ್ವೆಂಟಿನಲ್ಲಿ ನಾನೂ ಹಾಗೆ ನಿಂತಿದ್ದೇನೆ, ಸಿಸ್ಟರಿಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ. ಆಮೇಲೆ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಸರ್ಟಿಫಿಕೇಟಿನಲ್ಲಿ ಒಬೀಡಿಯಂಟ್ ಅಂತ ಬಂದದ್ದು ಹಾಗೆ. ಹಾಲಮ್ಮ ಮಾತ್ರ ಮರುದಿನವೂ ಕೈ ಎತ್ತಿದಳು.

ಎರಡನೇ ಪತ್ರಕ್ಕೆ ಎಂಟು ದಿನ ಹಿಡಿಯಿತು. ನನ್ನ ತಪ್ಪನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ‘ಸ್ವಲ್ಪ ಕಠಿಣವಾಗಿ ನಡೆದುಕೊಂಡೆ’ ಅಂತ ಬರೆದೆ, ಹರಿದೆ. ‘ಶಿಸ್ತಿನ ಕಾರಣಕ್ಕೆ’ ಅಂತ ಬರೆದೆ, ಅದನ್ನೂ ಹರಿದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೆ ಇಟ್ಟೆ. ಈ ಹುಡುಗಿ ಸರಿ ಹೇಳಿದಳು, ನನಗೆ ಗೊತ್ತಿರಲಿಲ್ಲ, ಅದಕ್ಕೆ ಶಿಕ್ಷೆ ಕೊಟ್ಟೆ, ಆದರೂ ಅವಳು ನೋಡುವುದನ್ನು ನಿಲ್ಲಿಸಲಿಲ್ಲ ಅಂತ. ಅರ್ಧ ಪುಟ. ನನ್ನ ಜೀವನದಲ್ಲಿ ಅಡ್ಜೆಕ್ಟಿವ್ ಇಲ್ಲದೆ ಬರೆದ ಒಂದೇ ಪತ್ರ ಅದು.

ಈ ಸಲ ಅದೇ ಪ್ರೊಫೆಸರ್ ಹತ್ತಿರ ಸೀಟು ಸಿಕ್ಕಿತು, ಓದಿನ ಖರ್ಚೂ ಅವರದೇ. ಮೈಲಾರಪ್ಪ ಹಾಲು, ಸಕ್ಕರೆ ಹಿಡಿದು ಮನೆಗೆ ಬಂದ. “ಮೇಡಮ್ಮಾರ, ಹೋದ ವರ್ಷ ಒಲ್ಲೆ ಅಂದೋರು ಈ ವರ್ಷ ಬಾ ಅಂದಾರಂದ್ರ ಏನು ಬರ್ದ್ರಿ ಅಂಥಾದ್ದು?”

ತಪ್ಪಿಸಿಕೊಳ್ಳಬಹುದಿತ್ತು. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಪತ್ರ ತಂದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿದ.

“ಹೊರಗ ನಿಂತಿದ್ಲಾ? ಮನ್ಯಾಗ ಒಂದ್ ಮಾತು ಹೇಳಿಲ್ಲ ನೋಡ್ರಿ.” ಅಂದ. “ಕುರಿ ತಲಿ ಇಡೋದನ್ನ ಅಕಿಗೆ ತೋರಿಸಿದ್ದು ನಾನ್ರಿ. ಅವತ್ತು ನಾನಿದ್ದಿದ್ರ ನನ್ನೂ ಹೊರಗ ಹಾಕ್ತಿದ್ರಿ ಹಂಗಾದ್ರ.”

“ಹಾಕ್ತಿದ್ದೆ ಮೈಲಾರಪ್ಪ,” ಅಂದೆ.

ಅವನು ನಕ್ಕುಬಿಟ್ಟ. “ಹಡಗಲಿ ಹುಡುಗಗ ಬ್ಯಾರೆ ಹೆಣ್ಣು ಸಿಗ್ತೈತಿ ಬಿಡ್ರಿ,” ಅಂತ ಮಗಳ ಕಡೆ ತಿರುಗಿ, “ಹೋಗು, ಅಲ್ಲಿ ಕುರಿ ಹೆಂಗದಾವ ನೋಡಿ ಬಾ,” ಅಂದ. ಪಕ್ಕದೂರಿನ ಸಂತೆಗೆ ಕಳಿಸಿದ ಹಾಗೆ.

ಅಲ್ಲಿಂದ ಅವಳು ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ನಾನು ಬೆಳಗಿನ ಕಾಫಿಯ ಜೊತೆ ಕೇಳುತ್ತಿದ್ದೆ. ಹೊರದೇಶದ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಮೊದಲ ವಾರ ಓರಿಯೆಂಟೇಶನ್ ಮಾಡಿದರಂತೆ. ಹಿಮದ ಮೇಲೆ ಜಾರದೆ ನಡೆಯುವುದನ್ನೂ ಹೇಳಿಕೊಟ್ಟರಂತೆ. ಕಷ್ಟವಾದದ್ದು ಹಿಮ ಅಲ್ಲ. “ಪ್ರೊಫೆಸರನ್ನ ಹೆಸರು ಹಿಡಿದು ಕರೀಬೇಕಂತ್ರಿ ಮಿಸ್. ನಾಲಿಗಿ ಏಳವಲ್ದು.” ಮೊದಲ ಸೆಮಿಸ್ಟರ್ ಪೂರ್ತಿ ಅವಳು ಆಕೆಯನ್ನು ಏನೂ ಅಂತ ಕರೆಯಲಿಲ್ಲ. ಬಾಗಿಲ ಹತ್ತಿರ ನಿಂತು, ಆಕೆ ತಿರುಗುವ ತನಕ ಕೆಮ್ಮುತ್ತಿದ್ದಳು. ಪಾಪ, ಆಕೆ ಇವಳನ್ನು ಡಾಕ್ಟರ ಹತ್ತಿರ ಕಳಿಸಿದರು.

ಮೊದಲ ಚಳಿಗಾಲ ಕೆಟ್ಟದಿತ್ತು. ಮನೆಯಿಂದ ಒಯ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮುಗಿದವು. ದನಿ ಸಣ್ಣದಾಯಿತು. ಬೇಸಿಗೆಯಲ್ಲಿ ಹಿಂಡಿನ ನಡುವೆ ಹೋದಮೇಲೆ ಮತ್ತೆ ಹಾಲಮ್ಮನ ದನಿ. “ಇಲ್ಲಿ ಕುರಿಗೆ ಕನ್ನಡ ಬರಂಗಿಲ್ರಿ. ಮೂರು ದಿನಕ್ಕ ಕಲ್ತವು.” ಬಿಸಿಲಲ್ಲಿ ಕುರಿಗಳು ಒಂದಕ್ಕೊಂದು ನೆರಳಾಗುವಾಗ ಅವುಗಳ ಮೈ ಎಷ್ಟು ತಂಪಾಗುತ್ತದೆ ಅಂತ ಅಳೆಯುವುದು ಅವಳ ರಿಸರ್ಚ್. ನಾನು ಬಾಗಿಲಾಚೆ ಕಳಿಸಿದ ಮಾತಿಗೆ ಅಲ್ಲಿ ಒಂದು ಲ್ಯಾಬು, ಥರ್ಮಾಮೀಟರು, ನಾಲ್ಕು ವರ್ಷ.

ಈಗ ಥೀಸಿಸ್ ಬರೆಯುತ್ತಿದ್ದಾಳೆ. ನಿನ್ನೆ ಒಂದು ಅಧ್ಯಾಯ ಕಳಿಸಿ, “ಇಂಗ್ಲಿಷ್ ನೋಡ್ರಿ ಮಿಸ್, ವಿಷಯ ನಾ ನೋಡ್ಕೊಂತೀನಿ,” ಅಂದಳು. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಇವತ್ತು ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂತೆ. ಆರನೇ ಪುಟದಲ್ಲಿ ಒಂದು ವಾಕ್ಯ. ತನ್ನನ್ನು ಸೇರಿಸಿಕೊಂಡ ಅದೇ ಪ್ರೊಫೆಸರು ಹಿಂದೆ ಬರೆದದ್ದು ಬಿಸಿನಾಡಿನ ಕುರಿಗಳಿಗೆ ಹೊಂದುವುದಿಲ್ಲ, ಅದು ತಪ್ಪು ಅಂತ, ಆಕೆಯ ಹೆಸರು ಹಿಡಿದೇ ಬರೆದಿದ್ದಾಳೆ. ಇಷ್ಟು ನೇರವಾಗಿಯೇ? ನನ್ನ ಕೈ ತಾನಾಗಿ ಅಂಚಿನಲ್ಲಿ ‘ವಿತ್ ಡ್ಯೂ ರೆಸ್ಪೆಕ್ಟ್’ ಅಂತ ಬರೆಯಿತು. ಕೆಳಗೆ ‘ಪರ್‌ಹ್ಯಾಪ್ಸ್’ ಅಂತಲೂ ಬರೆಯಿತು.

ಕಾಫಿ ಆರುವ ತನಕ ಆ ಎರಡು ಟಿಪ್ಪಣಿಗಳನ್ನು ನೋಡುತ್ತಾ ಕೂತೆ. ಆಮೇಲೆ ಮೊಮ್ಮಗಳ ಡಬ್ಬಿಯಿಂದ ರಬ್ಬರ್ ತಂದು ಎರಡನ್ನೂ ಅಳಿಸಿದೆ. ಕಾಗದ ಸ್ವಲ್ಪ ಸವೆಯಿತು. ವಾಕ್ಯ ಅವಳು ಬರೆದ ಹಾಗೆಯೇ ಇದೆ.